ಹಳೆಯ ಮ್ಯಾಸಿ 1035ಕ್ಕೆ ಯಾವ ಸಲಕರಣೆ ಕೊಳ್ಳಬೇಕು?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ರಾಣೆಬೆನ್ನೂರು ತಾಲ್ಲೂಕು. ಒಟ್ಟು ಐದು ಎಕರೆ ಜಮೀನು; ಮೂರು ಎಕರೆ ಸಣ್ಣ ಕಲ್ಲುಗಳಿರುವ ಮಸಾರಿ, ಉಳಿದ ಎರಡು ಎಕರೆ ಎರೆ. ಗೋವಿನಜೋಳ ಮತ್ತು ಶೇಂಗಾ ನಮ್ಮ ಮುಖ್ಯ ಬೆಳೆಗಳು. ತಂದೆಯವರು 1986ರಲ್ಲಿ ಕೊಂಡಿದ್ದ ಮ್ಯಾಸಿ ಫರ್ಗ್ಯುಸನ್ 1035 ಟ್ರ್ಯಾಕ್ಟರ್ ಬಹುಕಾಲ ಶೆಡ್ಡಿನಲ್ಲೇ ನಿಂತಿತ್ತು. ಈಗ ಎಂಜಿನ್ ಬಿಚ್ಚಿಸಿ ರಿಪೇರಿ ಮಾಡಿಸಿದ್ದೇವೆ. ಅದರೊಂದಿಗೆ ಇದ್ದ ಸಲಕರಣೆಗಳನ್ನೆಲ್ಲ ಹಿಂದೆಯೇ ಮಾರಿದ್ದೇವೆ. ಅಂಗಡಿಯವರು ಐದು ಅಡಿಯ ರೋಟವೇಟರ್, ಒಂಬತ್ತು ಹಲ್ಲಿನ ಕಲ್ಟಿವೇಟರ್ ಹಾಗೂ ಹೈಡ್ರಾಲಿಕ್ ಪಲ್ಟಿ ನೇಗಿಲು ಮೂರನ್ನೂ ಒಟ್ಟಿಗೆ ಒಯ್ಯಿರಿ ಎನ್ನುತ್ತಿದ್ದಾರೆ. ನಮ್ಮ ಗಾಡಿಗೆ ಇವು ಹೊಂದುತ್ತವೆಯೇ? ಕ್ಲಚ್ ಒಂದೇ ಹಂತದ್ದು.

ಉತ್ತರ: ನಮಸ್ಕಾರ. ಮೂರರಲ್ಲಿ ಕಲ್ಟಿವೇಟರ್ ಒಂದನ್ನು ಕೊಳ್ಳಿ, ಉಳಿದೆರಡನ್ನು ಸದ್ಯಕ್ಕೆ ಬಿಡಿ. ಅಂಗಡಿಯಲ್ಲಿ ಮೊದಲು ಕೇಳುವುದು ಗಾಡಿ ಎಷ್ಟು ಎಚ್‌ಪಿ ಎಂದು. ಆದರೆ ಹಳೆಯ ಟ್ರ್ಯಾಕ್ಟರಿಗೆ ಸಲಕರಣೆ ಆರಿಸುವಾಗ ಎಂಜಿನ್ನಿನ ಬಲಕ್ಕಿಂತ ಮೊದಲು ನೋಡಬೇಕಾದದ್ದು ಕ್ಲಚ್, ಲಿಫ್ಟ್ (ಸಲಕರಣೆಯನ್ನು ಎತ್ತಿ ಇಳಿಸುವ ಹೈಡ್ರಾಲಿಕ್ ವ್ಯವಸ್ಥೆ) ಮತ್ತು ಹಿಂದಿನ ಗಾಲಿಗಳ ಹಿಡಿತವನ್ನು.

ಕ್ಲಚ್ಚಿನಿಂದಲೇ ಆರಂಭಿಸುತ್ತೇನೆ. ನಿಮ್ಮ ಗಾಡಿಯಲ್ಲಿ ಹೈಡ್ರಾಲಿಕ್ ಪಂಪ್ ಇರುವುದು ಹಿಂದಿನ ಹೌಸಿಂಗಿನ ಒಳಗೆ, ಮತ್ತು ಅದು ತಿರುಗುವುದು ಪಿಟಿಒ ಶಾಫ್ಟಿನಿಂದಲೇ, ಎಂದರೆ ಎಂಜಿನ್ನಿನ ಬಲವನ್ನು ಹಿಂದಿನ ಸಲಕರಣೆಗೆ ಒಯ್ಯುವ ಶಾಫ್ಟಿನಿಂದಲೇ. ಒಂದೇ ಹಂತದ ಕ್ಲಚ್ ಇರುವುದರಿಂದ ಪೆಡಲ್ ಒತ್ತಿದ ಕೂಡಲೇ ಗಾಡಿಯ ಓಟ, ಪಿಟಿಒ ಹಾಗೂ ಪಂಪ್ ಮೂರೂ ಒಟ್ಟಿಗೆ ನಿಲ್ಲುತ್ತವೆ. ತಿರುಗುವ ಬ್ಲೇಡುಗಳಿಂದ ಮಣ್ಣು ಪುಡಿ ಮಾಡುವ ರೋಟವೇಟರ್ ಹೊಡೆಯುವಾಗ ಬದುವಿನ ಹತ್ತಿರ ಬಂದು ಕ್ಲಚ್ ಒತ್ತಿದಿರೆಂದರೆ ಬ್ಲೇಡುಗಳು ಮಣ್ಣಿನಲ್ಲಿ ಹೂತಿರುವಾಗಲೇ ನಿಲ್ಲುತ್ತವೆ, ಆಗ ಲಿಫ್ಟ್ ಲಿವರ್ ಎತ್ತಿದರೂ ಸಲಕರಣೆ ಮೇಲೇಳುವುದಿಲ್ಲ. ಮತ್ತೆ ಕ್ಲಚ್ ಬಿಟ್ಟಾಗ ಅಷ್ಟೂ ಭಾರ ಒಮ್ಮೆಲೇ ಕ್ಲಚ್ ಪ್ಲೇಟಿನ ಮೇಲೆ ಬೀಳುತ್ತದೆ. ಎರಡು ಹಂತದ ಕ್ಲಚ್ ಇರುವ ಮಾದರಿಗಳಲ್ಲಿ ಪೆಡಲನ್ನು ಅರ್ಧ ಒತ್ತಿದರೆ ಗಾಡಿ ಮಾತ್ರ ನಿಂತು ಪಿಟಿಒ ತಿರುಗುತ್ತಲೇ ಇರುತ್ತದೆ, ಹಾಗಾಗಿ ಅವುಗಳಲ್ಲಿ ಈ ತೊಂದರೆ ಇಲ್ಲ.

ಇನ್ನು ಅಗಲದ ಮಾತು. ಹೊಸದಿದ್ದಾಗ 35 ಎಚ್‌ಪಿಯಷ್ಟಿದ್ದ ಎಂಜಿನ್ನಿನಿಂದ ಪಿಟಿಒಗೆ ತಲುಪುತ್ತಿದ್ದದ್ದು 30ರ ಆಸುಪಾಸು, ಮತ್ತು ಐದು ಅಡಿಯ ರೋಟವೇಟರಿಗೆ ಸಾಮಾನ್ಯವಾಗಿ 40ರಿಂದ 45 ಎಚ್‌ಪಿಯ ಟ್ರ್ಯಾಕ್ಟರ್ ಬೇಕು. ನಿಮ್ಮದಕ್ಕೆ ಹೊಂದುವುದು ನಾಲ್ಕು ಅಡಿಯದು. ಆದರೆ ನಾಲ್ಕು ಅಡಿಯದನ್ನು ನಡುವಿಗೆ ಕೂರಿಸಿದರೆ ಹಿಂದಿನ ಗಾಲಿಗಳ ಗುರುತು ಎರಡೂ ಬದಿಗೆ ಹಾಗೆಯೇ ಉಳಿಯುತ್ತದೆ, ಆದ್ದರಿಂದ ಅದನ್ನು ಒಂದು ಬದಿಗೆ ಸರಿಸಿ ಜೋಡಿಸಿ, ಇನ್ನೊಂದು ಗಾಲಿಯ ಗುರುತನ್ನು ಮುಂದಿನ ಸಾಲಿನಲ್ಲಿ ಮುಚ್ಚುವಂತೆ ಹೊಡೆಯಬೇಕಾಗುತ್ತದೆ. ನಿಮ್ಮ ಮಸಾರಿಯ ಕಲ್ಲುಗಳು ಬ್ಲೇಡಿನ ತುದಿಯನ್ನು ಬೇಗನೆ ಸವೆಸುತ್ತವೆ ಎಂಬುದೂ ನೆನಪಿರಲಿ. ವರ್ಷಕ್ಕೆ ಒಂದೆರಡು ಬಾರಿಯ ಕೆಲಸಕ್ಕೆ ಬಾಡಿಗೆಯೇ ಲೇಸು. ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ವಿಚಾರಿಸಿ.

ನೇಗಿಲಿನ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇಲ್ಲಿಯೇ ಹೆಚ್ಚು ಜನ ಎಡವುತ್ತಾರೆ. ತಲಾ 30 ಸೆಂಟಿಮೀಟರ್ ಅಗಲ ಕತ್ತರಿಸುವ ಎರಡು ಫಾಳಗಳ ನೇಗಿಲು 15 ಸೆಂಟಿಮೀಟರ್ ಆಳಕ್ಕೆ ಇಳಿದರೆ ಒಟ್ಟು 900 ಚದರ ಸೆಂಟಿಮೀಟರ್ ಮಣ್ಣನ್ನು ಸೀಳಬೇಕು. ಹದವಾಗಿರುವ ಮಸಾರಿಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಅರ್ಧ ಕಿಲೋ ಎಳೆತ ಎಂದು ಹಿಡಿದರೂ 450 ಕಿಲೋ ಆಯಿತು. ಗಟ್ಟಿ ಎರೆಯಲ್ಲಿ ಅದು 700 ಕಿಲೋ ದಾಟುವುದು ಅಪರೂಪವೇನಲ್ಲ. ಗಂಟೆಗೆ ನಾಲ್ಕು ಕಿಲೋಮೀಟರ್ ವೇಗದಲ್ಲಿ 450 ಕಿಲೋ ಎಳೆಯಲು ಕೊಂಡಿಯಲ್ಲಿ ಬೇಕಾಗುವುದು ಏಳು ಎಚ್‌ಪಿಗಿಂತ ಕಡಿಮೆ, ಎಂದರೆ ಎಂಜಿನ್ನಿಗೆ ಅದೊಂದು ದೊಡ್ಡ ಭಾರವಲ್ಲ. ಸೋಲುವುದು ಗಾಲಿ. ಸುಮಾರು 1,700 ಕಿಲೋ ತೂಗುವ ಗಾಡಿಯ ಸವೆದ ಟೈರುಗಳು ಎರೆಯಲ್ಲಿ 700 ಕಿಲೋ ಎಳೆಯಲು ಹೋದರೆ ನಿಂತಲ್ಲೇ ತಿರುಗಿ, ಟೈರು ಮತ್ತು ಡೀಸೆಲ್ ಎರಡನ್ನೂ ತಿನ್ನುತ್ತವೆ.

ಸಾಲಿನ ಕೊನೆಯಲ್ಲಿ ಮಗುಚಿ ಬಳಸುವ ಪಲ್ಟಿ ನೇಗಿಲಿನಲ್ಲಿ ಫಾಳಗಳು ಮೇಲೆ ಒಂದು ಜೊತೆ, ಕೆಳಗೆ ಒಂದು ಜೊತೆ ಇರುವುದರಿಂದ ತೂಕ ಹೆಚ್ಚು. ಅದನ್ನು ಎತ್ತಿದಾಗ ಮುಂದಿನ ಗಾಲಿಗಳು ಹಗುರಾಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಒಟ್ಟು ತೂಕದಲ್ಲಿ ಕನಿಷ್ಠ ಐದನೇ ಒಂದು ಪಾಲು ಮುಂದಿನ ಗಾಲಿಗಳ ಮೇಲೆ ಉಳಿಯಲೇಬೇಕು. ಹೈಡ್ರಾಲಿಕ್ ಪಲ್ಟಿಗೆ ಹೊರಗಿನ ಆಯಿಲ್ ವಾಲ್ವ್ ಕೂಡ ಬೇಕು. ನಿಮ್ಮ ಕಾಲದ ಗಾಡಿಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಆಳದ ಉಳುಮೆ ಐದು ಎಕರೆಗೆ ವರ್ಷಕ್ಕೆ ಒಂದು ಬಾರಿಯ ಕೆಲಸವಾದ್ದರಿಂದ ಅದನ್ನು ದೊಡ್ಡ ಗಾಡಿಯವರಿಂದ ಮಾಡಿಸಿ.

ಕಲ್ಟಿವೇಟರ್ ಒಂಬತ್ತು ಹಲ್ಲಿನದೇ ಇರಲಿ, ಆದರೆ ಸ್ಪ್ರಿಂಗ್ ಇರುವುದನ್ನು ಆರಿಸಿ; ಕಲ್ಲು ತಾಗಿದಾಗ ಹಲ್ಲು ಹಿಂದಕ್ಕೆ ಬಾಗಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಎರೆಗೆ ಹೋಗುವಾಗ ಎರಡೂ ತುದಿಯ ಒಂದೊಂದು ಹಲ್ಲನ್ನು ಬೋಲ್ಟ್ ಬಿಚ್ಚಿ ತೆಗೆದರೆ ಏಳು ಹಲ್ಲಿನದಾಗುತ್ತದೆ. ಅದರ ಜೊತೆಗೆ ಊರಿನ ವರ್ಕ್‌ಶಾಪಿನಲ್ಲಿ ಒಂದು ಟ್ರ್ಯಾಕ್ಟರ್ ಕುಂಟೆ ಮಾಡಿಸಿಕೊಂಡರೆ ಹರಗುವ ಕೆಲಸವೂ ಆಯಿತು. ಕೊಳ್ಳುವ ಮುನ್ನ ಪಿನ್ನುಗಳನ್ನು ಅಳೆಯಿರಿ: ಸಲಕರಣೆಯನ್ನು ಹಿಡಿಯುವ ನಿಮ್ಮ ಗಾಡಿಯ ಎರಡು ಕೆಳ ತೋಳುಗಳಿಗೆ (ಕೆಳ ಲಿಂಕುಗಳಿಗೆ) 22 ಮಿಲಿಮೀಟರ್, ಮೇಲಿನ ತೋಳಿಗೆ (ಟಾಪ್ ಲಿಂಕಿಗೆ) 19 ಮಿಲಿಮೀಟರ್ ಪಿನ್ ಬರಬೇಕು. ದೊಡ್ಡ ಗಾಡಿಗಳ ಸಲಕರಣೆಗೆ 28 ಮತ್ತು 25 ಮಿಲಿಮೀಟರಿನ ಪಿನ್ ಇರುತ್ತದೆ.

ಮರುಪ್ರಶ್ನೆ: ಬಹಳ ಉಪಕಾರವಾಯಿತು ಸರ್. ಪಕ್ಕದ ಊರಿನವರ ಹಳೆಯ ಕಲ್ಟಿವೇಟರನ್ನು ಜೋಡಿಸಿ ನೋಡಿದೆವು. ಹಲ್ಲುಗಳು ಒಮ್ಮೆ ಆಳಕ್ಕೆ ಇಳಿಯುತ್ತವೆ, ಒಮ್ಮೆ ಮೇಲಕ್ಕೆ ಬರುತ್ತವೆ. ಎತ್ತಿ ನಿಲ್ಲಿಸಿದರೆ ಊಟ ಮುಗಿಸಿ ಬರುವಷ್ಟರಲ್ಲಿ ನೆಲಕ್ಕೆ ಕೂತಿರುತ್ತದೆ. ಇನ್ನೊಂದು ಸಂಶಯ: ಎಡೆ ಹೊಡೆಯುವುದಕ್ಕೂ ಇದೇ ಗಾಡಿಯನ್ನು ಬಳಸಬಹುದೇ? ನಮ್ಮಲ್ಲಿ ಈಗ ಎತ್ತುಗಳಿಲ್ಲ.

ಉತ್ತರ: ಇವು ಎರಡು ಬೇರೆ ಬೇರೆ ದೋಷಗಳು. ಆಳ ಏರುಪೇರಾಗುವುದಕ್ಕೆ ಮೊದಲು ಟಾಪ್ ಲಿಂಕ್ ಜೋಡಿಸುವ ಬ್ರಾಕೆಟ್ಟಿನ ಹಿಂದಿರುವ ದಪ್ಪ ಸ್ಪ್ರಿಂಗನ್ನು ನೋಡಿ. ಸಲಕರಣೆಯ ಮೇಲೆ ಮಣ್ಣಿನ ಒತ್ತಡ ಹೆಚ್ಚಾದಾಗ ಟಾಪ್ ಲಿಂಕ್ ಈ ಸ್ಪ್ರಿಂಗನ್ನು ಒತ್ತುತ್ತದೆ, ಆ ಚಲನೆ ವಾಲ್ವಿಗೆ ತಲುಪಿ ಲಿಫ್ಟ್ ತಾನಾಗಿಯೇ ತುಸು ಏರುತ್ತದೆ. ಹ್ಯಾರಿ ಫರ್ಗ್ಯುಸನ್ ರೂಪಿಸಿದ ವ್ಯವಸ್ಥೆಯ ಜೀವಾಳವೇ ಇದು. ಎಂಜಿನ್ ಆಫ್ ಮಾಡಿ, ಟಾಪ್ ಲಿಂಕ್ ಬಿಚ್ಚಿ, ಬ್ರಾಕೆಟ್ಟನ್ನು ಕೈಯಿಂದ ಹಿಂದೆ ಮುಂದೆ ಅಲುಗಿಸಿ. ಸ್ವಲ್ಪ ಸಡಿಲ ಕಂಡರೂ ಲಿಫ್ಟ್ ತಡವಾಗಿ ಸ್ಪಂದಿಸುತ್ತದೆ, ಹಲ್ಲುಗಳು ಅಲೆಯಂತೆ ಏರಿಳಿಯುತ್ತವೆ. ಆ ಸಡಿಲವನ್ನು ಮೆಕ್ಯಾನಿಕ್ಕಿನಿಂದ ತೆಗೆಸಿ. ಎತ್ತಿದ ಸಲಕರಣೆ ತಾನಾಗಿ ಇಳಿಯುವುದು ಹೆಚ್ಚಾಗಿ ಲಿಫ್ಟ್ ಪಿಸ್ಟನ್ನಿನ ಸೀಲ್ ಅಥವಾ ರಿಂಗ್ ಸವೆದಿರುವುದರಿಂದ. ಅದು ಸರಿಯಾಗುವವರೆಗೆ ಎತ್ತಿ ನಿಲ್ಲಿಸಿದ ಸಲಕರಣೆಯ ಕೆಳಗೆ ಯಾರೂ ಕೈ ಹಾಕಬಾರದು.

ಎಡೆ ಹೊಡೆಯುವುದು ಗೋವಿನಜೋಳದಲ್ಲಿ ಸಾಧ್ಯ, ಶೇಂಗಾದಲ್ಲಿ ಸಾಧ್ಯವಿಲ್ಲ. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್ ಇಟ್ಟು ಬಿತ್ತಿ, ಎರಡೂ ಗಾಲಿಗಳ ನಡುವಿನಿಂದ ನಡುವಿಗೆ ಸುಮಾರು 120 ಸೆಂಟಿಮೀಟರ್ ಬರುವಂತೆ ರಿಮ್ಮುಗಳನ್ನು ತಿರುಗಿಸಿ ಹಾಕಿದರೆ, ಗಾಡಿ ಎರಡು ಸಾಲುಗಳನ್ನು ಹೊಟ್ಟೆಯ ಕೆಳಗೆ ಬಿಟ್ಟುಕೊಂಡು ಹೋಗುತ್ತದೆ. ಮುಂದಿನ ಗಾಲಿಗಳನ್ನೂ ಅದೇ ಅಳತೆಗೆ ತರಬೇಕು. 12.4 ಇಂಚಿನ ಹಿಂದಿನ ಟೈರಿನ ಅಗಲ ಸುಮಾರು 31 ಸೆಂಟಿಮೀಟರ್ ಆದ್ದರಿಂದ ಪ್ರತಿ ಬದಿಗೆ 14 ಸೆಂಟಿಮೀಟರಿನಷ್ಟು ಜಾಗ ಉಳಿಯುತ್ತದೆ. ಚಾಲಕನ ಕೈ ನೆಟ್ಟಗಿದ್ದರೆ ಅದು ಸಾಕು. ಬೆಳೆ ಮೊಣಕಾಲು ಎತ್ತರ ಮುಟ್ಟುವ ಮೊದಲೇ ಕೆಲಸ ಮುಗಿಯಬೇಕು. ಶೇಂಗಾದ ಸಾಲುಗಳ ಅಂತರವೇ 30 ಸೆಂಟಿಮೀಟರ್, ಟೈರು ಅದಕ್ಕಿಂತ ಅಗಲ. ಅಲ್ಲಿ ಬಾಡಿಗೆ ಎತ್ತಿನ ಎಡೆಕುಂಟೆಯೇ ಗತಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಸರ್, ನಮ್ಮದು ಹರಿಹರ ತಾಲ್ಲೂಕು, ಭದ್ರಾ ನಾಲೆಯ ನೀರಿನ ಭತ್ತದ ಗದ್ದೆ. ನಮ್ಮ ಬಳಿಯೂ ಇದೇ ಮಾದರಿಯ ಹಳೆಯ ಗಾಡಿ ಇದೆ. ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಪಟ್ಟಿಗಳ ಗಾಲಿ) ಹಾಕಿ ಕೆಸರು ಮಾಡಬಹುದೇ?

ಉತ್ತರ: ಮಾಡಬಹುದು. ನೀರು ನಿಂತು ಮೆತ್ತಗಾದ ಮಣ್ಣಿನಲ್ಲಿ ಎಳೆತ ಕಡಿಮೆಯಾದ್ದರಿಂದ ಟೈರಿನ ಬದಿಗೆ ಜೋಡಿಸುವ ಅರ್ಧ ಕೇಜ್ ವೀಲ್ ಮತ್ತು ಕಲ್ಟಿವೇಟರ್ ಸಾಕಾಗುತ್ತವೆ. ನಿಮ್ಮ ಚಿಂತೆ ಇರಬೇಕಾದದ್ದು ಎಣ್ಣೆಯ ಬಗ್ಗೆ. ಈ ಗಾಡಿಯಲ್ಲಿ ಗೇರ್, ಡಿಫರೆನ್ಷಿಯಲ್ ಮತ್ತು ಹೈಡ್ರಾಲಿಕ್ ಲಿಫ್ಟ್ ಎಲ್ಲಕ್ಕೂ ಒಂದೇ ಎಣ್ಣೆ. ಸವೆದ ಆಕ್ಸಲ್ ಸೀಲಿನಿಂದ ಕೆಸರು ನೀರು ಒಳಗೆ ಹೋದರೆ ಪಂಪಿನಿಂದ ಬೇರಿಂಗಿನವರೆಗೆ ಎಲ್ಲವೂ ಕೆಡುತ್ತದೆ. ಹಂಗಾಮಿಗೆ ಮೊದಲು ಸೀಲುಗಳನ್ನು ಬದಲಾಯಿಸಿ, ಕೆಸರಿನ ಕೆಲಸ ನಡೆಯುವ ದಿನಗಳಲ್ಲಿ ಬೆಳಿಗ್ಗೆ ಡಿಪ್ ಸ್ಟಿಕ್ ತೆಗೆದು ನೋಡಿ. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅಂದೇ ಬದಲಿಸಿ.

ಗಾಡಿ ಹೂತುಕೊಂಡಾಗ ಹಿಂದಿನ ಗಾಲಿಗೆ ಮರದ ತುಂಡು ಕಟ್ಟಿ ಮುಂದಕ್ಕೆ ನುಗ್ಗಿಸುವ ರೂಢಿ ಹಲವೆಡೆ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಲಿ ತಿರುಗಲಾರದೆ ನಿಂತರೆ ಎಂಜಿನ್ನಿನ ಬಲ ಗಾಡಿಯ ಮುಂಭಾಗವನ್ನು ಮೇಲೆತ್ತುತ್ತದೆ, ಮತ್ತು ಚಾಲಕ ಇಳಿಯುವಷ್ಟೂ ಸಮಯ ಸಿಗದಂತೆ ಗಾಡಿ ಹಿಂದಕ್ಕೆ ಮಗುಚುತ್ತದೆ. ಕಲ್ಟಿವೇಟರ್ ಬಿಚ್ಚಿ, ಗಾಲಿಯ ಹಿಂದಿನ ಕೆಸರನ್ನು ಸಲಿಕೆಯಿಂದ ತೆಗೆದು, ರಿವರ್ಸ್ ಗೇರಿನಲ್ಲಿ ನಿಧಾನವಾಗಿ ಹೊರಗೆ ತನ್ನಿ. ಅದೂ ಆಗದಿದ್ದರೆ ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸಿ. ಎಳೆಯುವ ಗಾಡಿಯಲ್ಲಿ ಸರಪಳಿಯನ್ನು ಕೆಳಗಿನ ಡ್ರಾಬಾರಿಗೇ (ಎಳೆಯುವ ಪಟ್ಟಿಗೇ) ಹಾಕಬೇಕು, ಟಾಪ್ ಲಿಂಕ್ ಬ್ರಾಕೆಟ್ಟಿಗೆ ಹಾಕಿದರೆ ಆ ಗಾಡಿಯೂ ಮಗುಚುವ ಅಪಾಯವಿದೆ.