ಮಾವನವರ ಮೊದಲ ಓಬೋನ್‌ಗೆ ನೀಗಾತಾದ ಹಳ್ಳಿಗೆ ಹೊರಟಿದ್ದೇನೆ: ಸೊಸೆಯಾಗಿ ಏನು ತಿಳಿದಿರಬೇಕು?

ಪ್ರಶ್ನೆ: ಶಿರಸಿಯ ಕೂಸು

ನಮಸ್ಕಾರ. ನನ್ನ ತವರು ಶಿರಸಿ ಸಮೀಪದ ಅಡಿಕೆ ತೋಟದ ಮನೆ, ಪತಿ ಜಪಾನಿನವರು. ಮೂರು ವರ್ಷಗಳ ಹಿಂದೆ ನಮ್ಮ ಮದುವೆಗೆ ಬಂದಿದ್ದ ಮಾವನವರು ಕಳೆದ ಡಿಸೆಂಬರಿನಲ್ಲಿ ತೀರಿಕೊಂಡರು. ಆಗ ನನ್ನ ವೀಸಾ ಸಕಾಲಕ್ಕೆ ಸಿಗದೆ ಪತಿಯೊಬ್ಬರೇ ಹೋಗಿಬರಬೇಕಾಯಿತು. ಆ ಕೊರಗು ಇನ್ನೂ ಕರಗಿಲ್ಲ. ಈ ಆಗಸ್ಟ್ 13ರಿಂದ 16ರವರೆಗಿನ ಓಬೋನ್‌ಗೆ, ಅಂದರೆ ಪಿತೃಗಳು ಮನೆಗೆ ಬಂದು ಹೋಗುತ್ತಾರೆಂದು ಅಲ್ಲಿನವರು ನಂಬುವ ದಿನಗಳಿಗೆ, ನೀಗಾತಾ ಪ್ರಾಂತ್ಯದ ಬೆಟ್ಟಗಳ ನಡುವಿನ ಅವರ ಊರಿಗೆ ಮೊದಲ ಬಾರಿ ಹೊರಟಿದ್ದೇನೆ. ಭತ್ತದ ಗದ್ದೆ, ಹಳೆಯ ಮರದ ಮನೆ, ಅಲ್ಲಿ ಈಗ ಅತ್ತೆಯೊಬ್ಬರೇ.

ಪತಿಯನ್ನು ಕೇಳಿದರೆ ‘ನೀನು ಬಂದರೆ ಸಾಕು’ ಎನ್ನುತ್ತಾರೆ. ಆದರೆ ವರ್ಷಾಂತಿಕದ ಮನೆಯಲ್ಲಿ ಸೊಸೆಯಾದವಳು ಏನೂ ತಿಳಿಯದೆ ಮೂಲೆಯಲ್ಲಿ ಕುಳಿತರೆ ನನ್ನ ಆಯಿಗೆ ಹೇಗನಿಸುತ್ತಿತ್ತೆಂದು ಬಲ್ಲ ನನಗೆ ಆ ಮಾತಿನಿಂದ ಸಮಾಧಾನವಾಗುವುದಿಲ್ಲ. ನಾನು ಮೀನು, ಮಾಂಸ ತಿನ್ನುವವಳೂ ಅಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ಕುಮಟೆಯವಳು, ಈಗ ನಾಗಾನೊ

ತಂಗಿ, ನಾನು ಇಲ್ಲಿನ ಹಳ್ಳಿಯೊಂದರ ಸೊಸೆಯಾಗಿ 14 ವರ್ಷಗಳಾದವು. ನೀವು ಹೋಗುತ್ತಿರುವುದು ಪ್ರತಿ ವರ್ಷದ ಓಬೋನ್‌ಗೆ ಅಲ್ಲ. ಮರಣದ 49 ದಿನಗಳು ಕಳೆದ ಮೇಲೆ ಬರುವ ಮೊದಲ ಓಬೋನ್‌ಗೆ ಹತ್ಸುಬೋನ್ ಎನ್ನುತ್ತಾರೆ. ಆಗ ಪುರೋಹಿತರು ಬಂದು ಸೂತ್ರ ಪಠಿಸುತ್ತಾರೆ, ನೆಂಟರು ಮತ್ತು ಊರವರು ಊದಿನಕಡ್ಡಿ ಹಚ್ಚಲು ಬರುತ್ತಾರೆ. ಬಂದವರನ್ನು ಬಾಗಿ ಬರಮಾಡಿಕೊಂಡು ಚಹಾ ಕೊಡುವ ಕೈ ನಿಮ್ಮದಾಗಬೇಕಾದೀತು. ಅತಿಥಿಯಂತೆ ಅಲ್ಲ, ಮನೆಯವಳಂತೆ ಸಿದ್ಧರಾಗಿ ಹೋಗಿ. ಹೊಳಪಿಲ್ಲದ, ಮೊಣಕಾಲು ಮುಚ್ಚುವ ಕಪ್ಪು ಉಡುಪೊಂದು ಪೆಟ್ಟಿಗೆಯಲ್ಲಿರಲಿ. ಕಪ್ಪು ಒಳ್ಳೆಯದಲ್ಲವೆಂದು ಆಯಿ ತಡೆದರೆ, ಅಲ್ಲಿ ಅದೇ ಗೌರವದ ಬಣ್ಣವೆಂದು ತಿಳಿಸಿ ಹೇಳಿ.

ಮನೆಯೊಳಗೆ ಕಾಲಿಟ್ಟ ಮೇಲೆ ಮೊದಲು ಬುತ್ಸುದಾನ್ ಎಂಬ ಮರದ ಮಂಟಪದ ಮುಂದೆ ಕುಳಿತು ಕೈಮುಗಿಯಿರಿ. ಊದಿನಕಡ್ಡಿಯ ಉರಿಯನ್ನು ಬಾಯಿಂದ ಊದದೆ ಕೈಬೀಸಿ ಆರಿಸಬೇಕು. ದೀಪದ ವಿಷಯದಲ್ಲಿ ನಮ್ಮ ಅಜ್ಜಿಯಂದಿರು ಹೇಳುತ್ತಿದ್ದುದೂ ಇದನ್ನೇ. ಮನೆಯವರು ಯಾವ ಬೌದ್ಧ ಪಂಥದವರೆಂದು ಪತಿಯನ್ನು ಈಗಲೇ ಕೇಳಿಕೊಳ್ಳಿ. ಬಹಳಷ್ಟು ಮನೆಗಳಲ್ಲಿ ಹತ್ಸುಬೋನ್‌ಗೆ ಬಿಳಿ ಲಾಂದ್ರ ತೂಗುಹಾಕುತ್ತಾರೆ, ಪಿತೃಗಳ ಪ್ರಯಾಣಕ್ಕೆಂದು ಸೌತೆಕಾಯಿಯ ಕುದುರೆ, ಬದನೆಕಾಯಿಯ ಹಸು ಮಾಡಿಡುತ್ತಾರೆ. ಜೋದೋ ಶಿನ್‌ಶೂ ಪಂಥದವರು ಸಾಮಾನ್ಯವಾಗಿ ಇವನ್ನು ಮಾಡುವುದಿಲ್ಲ; ಊದಿನಕಡ್ಡಿಯನ್ನೂ ನಿಲ್ಲಿಸದೆ, ಮುರಿದು ಮಲಗಿಸಿಡುತ್ತಾರೆ.

ಊಟದ ಮಾತನ್ನು ಎಲೆಯ ಮುಂದೆ ಕುಳಿತ ಮೇಲೆ ಹೇಳಬೇಡಿ, ಅತ್ತೆ ನೊಂದುಕೊಳ್ಳುತ್ತಾರೆ. ತರಕಾರಿಯ ಸಾರಿಗೂ ಒಣಮೀನಿನ ಚೂರುಗಳಿಂದ ತೆಗೆದ ದಾಶಿ ಎಂಬ ರಸ ಹಾಕುವುದೇ ಇಲ್ಲಿನ ರೂಢಿ. ಕೊಂಬು ಎಂಬ ಕಡಲಸಸ್ಯ, ಒಣಗಿಸಿದ ಶಿಯಿತಾಕೆ ಅಣಬೆ ಇವುಗಳಿಂದಲೂ ದಾಶಿ ಮಾಡುತ್ತಾರೆ. ಓಬೋನ್‌ಗೆ ಮೀನು, ಮಾಂಸವಿಲ್ಲದ ಶೋಜಿನ್ ಅಡುಗೆ ಮಾಡುವುದು ಹಿಂದಿನಿಂದ ಬಂದ ಕ್ರಮವಾದ್ದರಿಂದ, ಎರಡು ವಾರ ಮೊದಲೇ ಪತಿಯಿಂದ ಫೋನ್ ಮಾಡಿಸಿದರೆ ನಿಮ್ಮ ಕೋರಿಕೆ ಅತ್ತೆಗೆ ವಿಚಿತ್ರವೆನಿಸದು.

ಇನ್ನೊಂದು ಮಾತನ್ನು ಮರೆಯಬೇಡಿ. ಅನ್ನದಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಬಾರದು, ಒಬ್ಬರ ಚಾಪ್‌ಸ್ಟಿಕ್‌ನಿಂದ ಇನ್ನೊಬ್ಬರ ಚಾಪ್‌ಸ್ಟಿಕ್‌ಗೆ ತಿನಿಸು ದಾಟಿಸಬಾರದು. ದಹನದ ನಂತರ ಮನೆಯವರು ಅಸ್ಥಿಯನ್ನು ಎತ್ತುವುದು ಹಾಗೆ. ನಿಮ್ಮ ಪತಿ ಎಂಟು ತಿಂಗಳ ಹಿಂದೆ ತಂದೆಗಾಗಿ ಆ ಕೆಲಸ ಮಾಡಿ ಬಂದಿರುತ್ತಾರೆ.

ಉತ್ತರ: ಕಾರವಾರದಿಂದ

ನನ್ನ ತಮ್ಮನ ಪತ್ನಿಯ ತವರೂ ಜಪಾನಿನ ಹಳ್ಳಿಯೇ. 2019ರಲ್ಲಿ ಅಲ್ಲಿ ಒಂದು ವಾರ ಇದ್ದೆ. ನಾವು ಮೀನಿಲ್ಲದೆ ಉಣ್ಣುವವರಲ್ಲವಾದ್ದರಿಂದ ಊಟದ ವಿಷಯದಲ್ಲಿ ನಾನು ಸಲಹೆ ಕೊಡಲಾರೆ. ಸ್ನಾನದ ಬಗ್ಗೆ ಹೇಳುತ್ತೇನೆ: ಸೋಪು ಹಚ್ಚಿ ಮೈ ತೊಳೆಯುವುದೆಲ್ಲ ತೊಟ್ಟಿಯ ಹೊರಗೆ, ಒಳಗಿನ ಬಿಸಿನೀರಿನಲ್ಲಿ ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು ಕೂರುವುದರಿಂದ ನೀರನ್ನು ಖಾಲಿ ಮಾಡಬಾರದು. ಹಸಿ ಹಣ್ಣು, ಕರಿಬೇವು ಒಯ್ಯಬೇಡಿ, ಸಸ್ಯ ತಪಾಸಣೆಯ ಪ್ರಮಾಣಪತ್ರವಿಲ್ಲದೆ ಅವನ್ನು ಒಳಗೆ ಬಿಡುವುದಿಲ್ಲ.

ಶಿರಸಿಯ ಕೂಸು

ಅಕ್ಕ, ನಿಮ್ಮ ಉತ್ತರ ಓದಿದ ರಾತ್ರಿಯೇ ಪತಿಯನ್ನು ಕೇಳಿದೆ. ಮನೆಯವರು ಜೋದೋ ಶಿನ್‌ಶೂ ಪಂಥದವರು. ಅಸ್ಥಿಯ ವಿಷಯ ಎತ್ತಿದಾಗ ಅವರು ಮೊದಲ ಬಾರಿಗೆ ಆ ದಿನದ ಬಗ್ಗೆ ಬಹಳ ಹೊತ್ತು ಮಾತನಾಡಿದರು. ಇಷ್ಟು ದಿನ ನಾನೂ ಕೇಳಿರಲಿಲ್ಲ. ಅತ್ತೆಗೆ ಫೋನ್ ಆಯಿತು, ಶಿಯಿತಾಕೆ ಮನೆಯಲ್ಲಿಯೇ ಇದೆಯೆಂದರು. ಒಂದು ಸಂದೇಹ ಉಳಿದಿದೆ. ಮದುವೆಗೆ ಬಂದಾಗ ಮಾವನವರು ನಮ್ಮ ತೊಡದೇವನ್ನು ಮೆಚ್ಚಿ, ಎರಡು ಕಟ್ಟು ಊರಿಗೆ ಒಯ್ದಿದ್ದರು. ಅದನ್ನು ಬುತ್ಸುದಾನ್ ಮುಂದೆ ಇಡಬಹುದೇ?

ಕುಮಟೆಯವಳು, ಈಗ ನಾಗಾನೊ

ಅವಶ್ಯವಾಗಿ ಇಡಬಹುದು. ಅತ್ತೆಗೆ ಒಂದು ಮಾತು ಹೇಳಿ, ಮೊದಲು ಅಲ್ಲಿಟ್ಟು ಕೈಮುಗಿದು, ಆಮೇಲೆ ಇಳಿಸಿ ಬಂದವರಿಗೂ ಮನೆಯವರಿಗೂ ಹಂಚಿ. ನಮ್ಮ ನೈವೇದ್ಯದ ಹಾಗೆಯೇ. ಅಕ್ಕಿಹಿಟ್ಟು, ಕಬ್ಬಿನ ಹಾಲಿನ ತಿನಿಸೆಂದು ಪತಿ ವಿವರಿಸಲಿ. ಮಳೆಗಾಲದ ತೇವಕ್ಕೆ ತೊಡದೇವು ಮೆತ್ತಗಾಗಿಬಿಡುತ್ತದೆ. ಗಾಳಿಯಾಡದ ಗಟ್ಟಿ ಡಬ್ಬಿಯಲ್ಲಿ ತುಂಬಿ, ಕೈಚೀಲದಲ್ಲಿಯೇ ಒಯ್ಯಿರಿ.