ಬ್ರಿಜ್ ಇಸ್ಪೀಟ್ ಆಟದ ಜಿಬ್ ರೋಬಾಟ್ 4 ನೋಟ್ರಂಪ್‌ಗೆ ಪಾಸ್ ಹೇಳುತ್ತೆ, ಡಿಸ್ಕಾರ್ಡ್ ನೋಡೋದೇ ಇಲ್ಲ. ಇದರ ಜೊತೆ ಆಡೋದು ಹೇಗೆ?

ಡಮ್ಮಿ_ಕೈ

ಮೇಜಿನ ಬ್ರಿಜ್ ಗೊತ್ತು, ಬಿಡ್ಡಿಂಗ್ (ಎಷ್ಟು ಟ್ರಿಕ್, ಅಂದರೆ ಪಟ್ಟು, ಗೆಲ್ಲುತ್ತೇವೆ ಎಂದು ಕೂಗುವುದು) ಟೂ-ಓವರ್-ಒನ್ ಪದ್ಧತಿಯದು. ಈಗ ಬ್ರಿಜ್ ಬೇಸ್ ಆನ್‌ಲೈನ್‌ನಲ್ಲಿ, ಅಂದರೆ ಬಿಬಿಒದಲ್ಲಿ, ಜಿಬ್ ಎಂಬ ಪ್ರೋಗ್ರಾಂ ಆಡಿಸುವ ರೋಬಾಟ್‌ಗಳ ಜೊತೆ ಆಟ. ಕೆಲವು ಕಡೆ ಲೆಕ್ಕ ಕೂಡಿ ಬರುತ್ತಿಲ್ಲ.

ಉತ್ತರದಲ್ಲಿ ಕೂತ ಜೊತೆಗಾರ ರೋಬಾಟ್ 1 ನೋಟ್ರಂಪ್ (ತುರುಫು ಇಲ್ಲದೆ 6ರ ಮೇಲೆ 1, ಅಂದರೆ 7 ಟ್ರಿಕ್) ಎಂದು ಓಪನ್ ಮಾಡಿತು, ಅಂದರೆ ಮೊದಲ ಬಿಡ್ ಹೇಳಿತು. ದಕ್ಷಿಣದಲ್ಲಿ ನನ್ನ ಕೈ ಹೀಗಿತ್ತು: ಸ್ಪೇಡ್ ಎಕ್ಕ, ರಾಣಿ, 6, ಹಾರ್ಟ್ ರಾಜ, 4, ಡೈಮಂಡ್ ಎಕ್ಕ, ರಾಜ, 9, 7, 3, ಕ್ಲಬ್ ರಾಣಿ, 8, 5. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2ರ ಲೆಕ್ಕದಲ್ಲಿ ಒಟ್ಟು 18 ಪಾಯಿಂಟ್. ಎಕ್ಕ ಎಷ್ಟಿವೆ ಎಂದು ಕೇಳಲು 4 ನೋಟ್ರಂಪ್ ಹೇಳಿದರೆ ಅದು ಪಾಸ್ ಹೇಳಿಬಿಟ್ಟಿತು. 12 ಟ್ರಿಕ್ ಸಲೀಸಾಗಿ ಬಂದವು.

ಇನ್ನೊಂದು ಕೈಯಲ್ಲಿ ಎದುರಾಳಿ ಪಶ್ಚಿಮದ್ದು 3 ನೋಟ್ರಂಪ್. ನನ್ನ ಬಳಿ ಸ್ಪೇಡ್ ಎಕ್ಕ, ರಾಣಿ, 10, 9, 3. ಡಿಕ್ಲೇರರ್ (ಬಿಡ್ ಗೆದ್ದು ಆಡುವವರು) ಕ್ಲಬ್ ಓಡಿಸುವಾಗ ಸ್ಪೇಡ್ 9 ಡಿಸ್ಕಾರ್ಡ್ ಆಗಿ ಎಸೆದೆ, ಮನುಷ್ಯರಿಗಾದರೆ ಅದು ಸ್ಪೇಡ್ ಹಾಕು ಎಂದು ಕರೆದ ಹಾಗೆ. ಜೊತೆಗಾರ ಡೈಮಂಡ್ ಗೆದ್ದು ಹಾರ್ಟ್ ಹಾಕಿತು. ಸಿಗ್ನಲ್ ಓದುವ ಹಾಗೆ ಸೆಟ್ಟಿಂಗ್ ಏನಾದರೂ ಇದೆಯೇ?

8 ಪಾಯಿಂಟ್ ಇಟ್ಟುಕೊಂಡು ಹಾರ್ಟ್ 3ಕ್ಕೆ ಏರಿಸುವುದು ಇದರ ರೂಢಿಯೇ? ಹಾಗೆಯೇ, ಮೂವರು ನಾಲ್ವರು ಗೆಳೆಯರು ಸೇರಿ ರೋಬಾಟ್ ಕೂಡಿಸಿಕೊಂಡು ಆಡಬೇಕೆಂದರೆ ಮೇಜು ಹೇಗೆ ಹಾಕಬೇಕು? ಒಬ್ಬರು ನ್ಯೂಜೆರ್ಸಿಯಲ್ಲಿದ್ದಾರೆ.

ಎಣಿಸಿ_ಹಾಕು

ಬಿಡ್ಡಿಂಗ್ ಬಗ್ಗೆ ಮಾತ್ರ ಹೇಳುತ್ತೇನೆ.

1 ನೋಟ್ರಂಪ್ ಮೇಲೆ ನೇರ 4 ನೋಟ್ರಂಪ್ ಎಕ್ಕ ಕೇಳುವುದಲ್ಲ, ಸ್ಲ್ಯಾಮ್‌ಗೆ, ಅಂದರೆ 12 ಟ್ರಿಕ್‌ನ 6ರ ಬಿಡ್‌ಗೆ, ಆಹ್ವಾನ. 1 ನೋಟ್ರಂಪ್ ಅಂದರೆ 15–17 ಪಾಯಿಂಟ್, ಅದರಲ್ಲಿ 15 ಇದ್ದರೆ ಪಾಸ್, 17 ಇದ್ದರೆ 6. ನಿಮ್ಮ ರೋಬಾಟ್ ಕೈಯಲ್ಲಿ 15 ಇದ್ದಿರಬೇಕು, ಕೊಟ್ಟ ಉತ್ತರ ಸರಿಯಾಗಿಯೇ ಇದೆ. ಎದುರಿಗೆ ಕನಿಷ್ಠ 15, ನಿಮ್ಮದು 18, ಕೂಡಿದರೆ 33, ಅದರ ಮೇಲೆ ಐದೆಲೆಯ ಡೈಮಂಡ್ ಬೇರೆ. ಈ ಕೈಯಲ್ಲಿ ಕೇಳುವುದೇ ಬೇಡ, ನೇರವಾಗಿ 6 ನೋಟ್ರಂಪ್. ಆಹ್ವಾನ ಬೇಕಾಗುವುದು 16–17ರ ಕೈಗೆ.

ಮುಖ್ಯ ವಿಷಯ: ಜಿಬ್‌ಗೆ ನಿಮ್ಮ ಮನಸ್ಸಿನಲ್ಲಿರುವ ಒಪ್ಪಂದ ಗೊತ್ತಿಲ್ಲ. ಪ್ರತಿ ಬಿಡ್‌ಗೂ ಅದರ ಬಳಿ ಬರೆದಿಟ್ಟ ಒಂದು ಅರ್ಥವಿದೆ, ಅದನ್ನೇ ಅಕ್ಷರಶಃ ನಂಬುತ್ತದೆ. ಆ ಅರ್ಥ ನಿಮಗೂ ಕಾಣುತ್ತದೆ. ಕಂಪ್ಯೂಟರ್‌ನಲ್ಲಿ ಬಿಡ್ ಒತ್ತುವ ಮೊದಲು ಅದರ ಮೇಲೆ ಮೌಸ್ ಇಟ್ಟು ನಿಲ್ಲಿಸಿ. ಫೋನ್‌ನಲ್ಲಾದರೆ ಸೆಟ್ಟಿಂಗ್ಸ್‌ನಲ್ಲಿ ಬಿಡ್ ಖಚಿತಪಡಿಸುವ ಆಯ್ಕೆಯನ್ನು ಆನ್ ಮಾಡಿ, ಮೊದಲ ಸಲ ಮುಟ್ಟಿದಾಗ ಅರ್ಥ ಬರುತ್ತದೆ, ಎರಡನೇ ಸಲಕ್ಕೆ ಬಿಡ್ ಹೋಗುತ್ತದೆ. ಮೇಜಿನ ಮೇಲೆ ಆಗಲೇ ಬಿದ್ದಿರುವ ಬಿಡ್ ಮುಟ್ಟಿದರೂ ಸಾಕು. ಅದರಲ್ಲೂ ಡಬಲ್ ಒತ್ತುವ ಮುಂಚೆ ನೋಡಲೇಬೇಕು. ನೀವು ಪೆನಾಲ್ಟಿ (ಎದುರಾಳಿ ಸೋಲುತ್ತಾರೆ) ಎಂದುಕೊಂಡದ್ದು ಅದಕ್ಕೆ ಟೇಕೌಟ್ (ನಿನ್ನ ಸೂಟ್ ಹೇಳು) ಆಗಿರುತ್ತದೆ, ಆಮೇಲೆ ನಾಲ್ಕೆಲೆಯ ಸೂಟ್‌ನಲ್ಲಿ 4ರ ಮಟ್ಟಕ್ಕೆ ಹೋಗಿ ಕೂರುತ್ತದೆ. ನಾಲ್ಕೈದು ಸುತ್ತು ದಾಟಿದ ಮೇಲೆ ಮಾತ್ರ ಈ ವಿವರಣೆಗಳು ಅಸ್ಪಷ್ಟವಾಗುತ್ತವೆ, ಕೆಲವೊಮ್ಮೆ ತಪ್ಪೇ ಇರುತ್ತವೆ. ಹಾಗಾಗಿ ಸೂಕ್ಷ್ಮ ಕ್ಯೂ-ಬಿಡ್ (ಎಕ್ಕ, ರಾಜ ಇರುವುದನ್ನು ತೋರಿಸುವ ಬಿಡ್) ಆಟ ಬೇಡ. ಮೂರನೇ ಸುತ್ತಿನೊಳಗೆ ಕಾಂಟ್ರಾಕ್ಟ್ (ಆಡಬೇಕಾದ ಕೊನೆಯ ಬಿಡ್) ಹೆಸರಿಸಿಬಿಡುವುದು ಜಾಣತನ.

8 ಪಾಯಿಂಟ್‌ನ ವಿಚಾರ: ವಿವರಣೆಯಲ್ಲಿ ‘ಟೋಟಲ್ ಪಾಯಿಂಟ್ಸ್’ ಎಂದಿದ್ದರೆ ಅದು ಬರೀ ಎಕ್ಕ 4, ರಾಜ 3, ರಾಣಿ 2, ಗುಲಾಮ 1ರ ಲೆಕ್ಕವಲ್ಲ. ಎರಡೆಲೆಯ ಸೂಟ್‌ಗೆ 1, ಒಂಟಿ ಎಲೆಗೆ 2, ಸೂಟೇ ಇಲ್ಲದಿದ್ದರೆ 3 ಸೇರಿಸಿಕೊಳ್ಳುತ್ತದೆ. 8 ಮತ್ತು ಒಂಟಿ ಎಲೆ ಎಂದರೆ ಅದರ ಲೆಕ್ಕದಲ್ಲಿ 10. ಒಂಟಿ ಎಲೆಯ ಎದುರು ನಿಮ್ಮದು ರಾಜ, ರಾಣಿ, ಗುಲಾಮ ಇರುವ ಸೂಟ್ ಆಗಿದ್ದರೆ ಆ ಆರು ಪಾಯಿಂಟ್ ಅರ್ಧ ವ್ಯರ್ಥ, ಆಗ 4ಕ್ಕೆ ಹೋಗುವ ಆಹ್ವಾನ ಒಪ್ಪಬೇಡಿ. ಎದುರಿಗೆ 4, 3, 2 ಇದ್ದರೆ ಕಣ್ಣುಮುಚ್ಚಿ ಒಪ್ಪಿ.

ನಾಲ್ಕನೇ_ಎಲೆ

ಸಿಗ್ನಲ್‌ಗೆ ಸೆಟ್ಟಿಂಗ್ ಇಲ್ಲ. ಯಾಕೆ ಓದುವುದಿಲ್ಲ ಎಂದು ತಿಳಿದರೆ ಡಿಫೆನ್ಸ್ (ಎದುರಾಳಿಯ ಕಾಂಟ್ರಾಕ್ಟ್ ತಡೆಯುವ ಆಟ) ಆಡುವ ರೀತಿಯೇ ಬದಲಾಗುತ್ತದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜಿಬ್ ಅನ್ನು 1990ರ ದಶಕದಲ್ಲಿ ಬರೆದವರು ಮ್ಯಾಥ್ಯೂ ಗಿನ್ಸ್‌ಬರ್ಗ್. 1998ರಲ್ಲಿ ಕಂಪ್ಯೂಟರ್ ಬ್ರಿಜ್‌ನ ವಿಶ್ವ ಚಾಂಪಿಯನ್ ಆದದ್ದು ಇದೇ. ಇದರ ವಿಧಾನ ಹೀಗೆ: ಡಿಫೆಂಡರ್ ಆಗಿ ಕೂತಾಗ ತನ್ನ 13 ಎಲೆ, ಡಮ್ಮಿಯ (ಎಲೆ ತೆರೆದಿಡುವ ಡಿಕ್ಲೇರರ್ ಜೊತೆಗಾರನ) 13 ಎಲೆ ಗೊತ್ತು. ಉಳಿದ 26 ಎಲೆಗಳನ್ನು ಬಿಡ್ಡಿಂಗ್‌ಗೆ ಹೊಂದುವಂತೆ ಹತ್ತಾರು ಬಗೆಯಲ್ಲಿ ಮನಸ್ಸಿನಲ್ಲೇ ಹಂಚಿಕೊಳ್ಳುತ್ತದೆ. ಪ್ರತಿ ಹಂಚಿಕೆಯನ್ನೂ ನಾಲ್ಕೂ ಕೈ ತೆರೆದಿಟ್ಟಂತೆ ಕೊನೆಯವರೆಗೆ ಬಿಡಿಸುತ್ತದೆ. ಸರಾಸರಿಯಲ್ಲಿ ಯಾವ ಎಲೆ ಹೆಚ್ಚು ಲಾಭವೋ ಅದನ್ನು ಹಾಕುತ್ತದೆ. ಈ ಲೆಕ್ಕಕ್ಕೆ ಒಳಹೋಗುವುದು ಬಿಡ್‌ಗಳು. ನೀವು ಎಸೆದ ಸ್ಪೇಡ್ 9 ಅದಕ್ಕೆ ಖರ್ಚಾದ ಒಂದು ಎಲೆ, ಅಷ್ಟೇ.

ಆದ್ದರಿಂದ ಆ ಕೈಯಲ್ಲಿ ಸ್ಪೇಡ್ ಹೇಳಬೇಕಾದದ್ದು ಡಿಸ್ಕಾರ್ಡ್‌ನಲ್ಲಲ್ಲ, ಬಿಡ್ಡಿಂಗ್‌ನಲ್ಲಿ. ಎದುರಾಳಿ 1 ಕ್ಲಬ್ ಅಥವಾ 1 ಡೈಮಂಡ್ ಓಪನ್ ಮಾಡಿದ್ದರೆ ಎಕ್ಕ, ರಾಣಿ, 10, 9, 3 ಇಟ್ಟುಕೊಂಡು 1 ಸ್ಪೇಡ್ ಓವರ್‌ಕಾಲ್, ಅಂದರೆ ಅವರ ಮೇಲೆ ಬಿಡ್. ಅವರು ಸ್ಟೇಮನ್‌ನಂಥ ಕೃತಕ ಬಿಡ್ (ಆ ಸೂಟ್ ಇಲ್ಲದೆಯೂ ಹೇಳುವ ಬಿಡ್) ಹೇಳಿದಾಗ ಆ ಸೂಟ್ ನಿಮ್ಮದಾಗಿದ್ದರೆ ಡಬಲ್, ಮೊದಲು ಅದರ ಅರ್ಥ ನೋಡಿಕೊಂಡು.

ಬಿಡ್ ಮಾಡುವ ಅವಕಾಶವೇ ಬರದಿದ್ದರೆ ನಿರ್ಧಾರ ಜೊತೆಗಾರನ ಕೈಗೆ ಹೋಗದಂತೆ ಆಡಬೇಕು. ಗೆಲ್ಲುವ ಎಲೆ ಮೊದಲು ಹೊಡೆದುಕೊಳ್ಳಿ. ಜೊತೆಗಾರ ಗೆಲ್ಲಲಿದ್ದ ಟ್ರಿಕ್ ಅನ್ನು ನಿಮ್ಮ ದೊಡ್ಡ ಎಲೆಯಿಂದ ಹೊಡೆದು, ಬೇಕಾದ ಸೂಟ್ ನೀವೇ ತೆರೆಯಿರಿ, ಅದರಿಂದ ಟ್ರಿಕ್ ನಷ್ಟವಾಗದಿದ್ದರೆ. ಅದು ಹಾಕುವ ಸಣ್ಣ ಎಲೆಗಳಲ್ಲೂ ಅರ್ಥ ಹುಡುಕಬೇಡಿ. ಎಲ್ಲ ಎಲೆಯೂ ಸಮ ಎಂದು ಲೆಕ್ಕ ಬಂದಾಗ ಕೈಗೆ ಸಿಕ್ಕಿದ್ದನ್ನು ಹಾಕುತ್ತದೆ. ಕಾಂಟ್ರಾಕ್ಟ್ ಸೋಲಿಸಲು ಸಾಧ್ಯವಿಲ್ಲ ಎಂದು ಅನ್ನಿಸಿದ ಮೇಲಂತೂ ಕಾಪಾಡಬೇಕಾದ ರಾಣಿಯನ್ನೂ ಎಸೆದುಬಿಡುತ್ತದೆ.

ಇದೇ ದೋಷ ನೀವು ಡಿಕ್ಲೇರರ್ ಆದಾಗ ಉಪಯೋಗಕ್ಕೂ ಬರುತ್ತದೆ. ಮುಂದಿನ ಟ್ರಿಕ್‌ನಿಂದ ಎಲ್ಲರಿಗೂ ಎಲ್ಲ ಎಲೆ ಕಾಣುತ್ತದೆ ಎಂಬುದು ಅದರ ಊಹೆಯಾದ್ದರಿಂದ ಎದುರಾಳಿ ರೋಬಾಟ್‌ಗಳಿಗೆ ಎಲೆ ಮುಚ್ಚಿಡಬೇಕು ಎಂಬ ಯೋಚನೆ ಇಲ್ಲ. ರಾಣಿ ಎಲ್ಲಿದೆ ಎಂದು ಎರಡು ಕಡೆಯಿಂದಲೂ ಫಿನೆಸ್ (ದೊಡ್ಡ ಎಲೆ ಯಾರಲ್ಲಿದೆ ಎಂದು ಊಹಿಸಿ ಅದಕ್ಕಿಂತ ಸಣ್ಣ ಎಲೆಯಿಂದ ಗೆಲ್ಲುವುದು) ಮಾಡಬಹುದಾದ ಸೂಟ್ ಇದ್ದರೆ ಅದನ್ನು ಕೊನೆಗೆ ಬಿಡಿ, ಬೇರೆ ಸೂಟ್‌ಗಳನ್ನು ಓಡಿಸಿ ಅವು ಏನು ಎಸೆಯುತ್ತವೆ ಎಂದು ಎಣಿಸಿ. ಯೋಚಿಸಲು ತೆಗೆದುಕೊಂಡ ಸಮಯ ನೋಡಿ ಊಹಿಸುವ ಅಭ್ಯಾಸವಿದ್ದರೆ ಬಿಟ್ಟುಬಿಡಿ, ಅದು ಸರ್ವರ್‌ನ ವೇಗ.

ಕಳಾವರದ_ರಾಣಿ

ಮೇಲಿನವರು ಬೆಸ್ಟ್ ಹ್ಯಾಂಡ್ ಮಾತೇ ಎತ್ತಲಿಲ್ಲ. ರೋಬಾಟ್ ಟೂರ್ನಿಗಳಲ್ಲಿ ಬಹುಪಾಲು ಆ ಬಗೆಯವೇ: ನಾಲ್ಕು ಕೈಗಳಲ್ಲಿ ಹೆಚ್ಚು ಪಾಯಿಂಟ್ ಇರುವುದು ದಕ್ಷಿಣಕ್ಕೆ, ಅಂದರೆ ನಿಮಗೆ. ಒಟ್ಟು 40 ಆದ್ದರಿಂದ ನಿಮಗೆ 10ಕ್ಕಿಂತ ಕಡಿಮೆ ಬರುವುದಿಲ್ಲ, ಬೇರೆ ಯಾರಿಗೂ ನಿಮ್ಮನ್ನು ಮೀರಿ ಇರುವುದಿಲ್ಲ. ಮೇಜಿನ ಬ್ರಿಜ್‌ನಿಂದ ಬಂದವರು ಈ ಎರಡನೇ ಮಾತನ್ನು ಮರೆಯುತ್ತಾರೆ.

ಉದಾಹರಣೆಗೆ, ನಿಮ್ಮ ಬಳಿ 13, ಕಾಂಟ್ರಾಕ್ಟ್ 4 ಹಾರ್ಟ್. ಪಶ್ಚಿಮ 1 ಸ್ಪೇಡ್ ಓಪನ್ ಮಾಡಿತ್ತು. ಈಗಾಗಲೇ ಅದು ಸ್ಪೇಡ್ ಎಕ್ಕ, ರಾಜ, ಕ್ಲಬ್ ಎಕ್ಕ ತೋರಿಸಿದೆ, 11 ಆಯಿತು. ಹಾರ್ಟ್ ರಾಜ ಎಲ್ಲಿದ್ದಾನೆ? ಮಾಮೂಲಿ ಮೇಜಿನಲ್ಲಾದರೆ ಓಪನ್ ಮಾಡಿದವರ ಕೈಯಲ್ಲಿ ಎಂದುಕೊಳ್ಳುತ್ತೇವೆ. ಇಲ್ಲಿ ಅವನೂ ಪಶ್ಚಿಮದಲ್ಲಿದ್ದರೆ 14 ಆಗುತ್ತದೆ, ನಿಯಮ ಮುರಿಯುತ್ತದೆ. ರಾಜ ಪೂರ್ವದಲ್ಲೇ, ಅದೂ ನೂರಕ್ಕೆ ನೂರು.

ಇನ್ನು ಓಪನಿಂಗ್. ಮ್ಯಾಚ್‌ಪಾಯಿಂಟ್ (ಎಷ್ಟು ಮಂದಿಯನ್ನು ಮೀರಿಸಿದಿರಿ ಎಂಬ ಲೆಕ್ಕದ) ಟೂರ್ನಿಯಲ್ಲಿ 14 ಪಾಯಿಂಟ್‌ಗೂ, ಐದೆಲೆಯ ಮೇಜರ್ (ಸ್ಪೇಡ್ ಅಥವಾ ಹಾರ್ಟ್) ಇದ್ದರೂ 1 ನೋಟ್ರಂಪ್ ಹೇಳಿ. ಎದುರಾಳಿ ರೋಬಾಟ್‌ಗಳು 15–17 ಸಮತೂಕದ ಕೈ ಎಂದೇ ನಂಬಿ ಡಿಫೆನ್ಸ್ ಲೆಕ್ಕ ಹಾಕುತ್ತವೆ, ಆ ಲೆಕ್ಕ ಆರಂಭದಿಂದಲೇ ತಪ್ಪಾಗಿರುತ್ತದೆ. ನಿಮ್ಮಲ್ಲಿ 14 ಎಂದರೆ ಜೊತೆಗಾರನಲ್ಲೂ 14 ಮೀರುವಂತಿಲ್ಲ, ಹಾಗಾಗಿ ಸುಳ್ಳು ನಂಬಿ 6ಕ್ಕೆ ಹಾರುವ ಭಯವಿಲ್ಲ. ಮೇಲುಗಡೆ ಮಾತ್ರ ಜೋಕೆ: 18ಕ್ಕೆ 1 ನೋಟ್ರಂಪ್ ಹೇಳಿದರೆ ಎದುರಿನ 7 ಪಾಯಿಂಟ್ ಪಾಸ್ ಹೇಳುತ್ತದೆ, 25ರ ಗೇಮ್ (ಬೋನಸ್ ತರುವ ಕಾಂಟ್ರಾಕ್ಟ್) ತಪ್ಪುತ್ತದೆ.

ಎಣಿಸಿ_ಹಾಕು

ಕಳಾವರದ ರಾಣಿಯವರ ಲೆಕ್ಕ ಸರಿ, ಸಲಹೆ ಒಪ್ಪುವುದಿಲ್ಲ. ಐದೆಲೆಯ ಸ್ಪೇಡ್ ಮುಚ್ಚಿಟ್ಟು 14ಕ್ಕೆ 1 ನೋಟ್ರಂಪ್ ಹೇಳುವುದು ರೋಬಾಟ್ ಎದುರು ಶೇಕಡಾ ಎರಡು ಮೂರು ತರಬಹುದು. ಅದೇ ರೂಢಿ ಮನುಷ್ಯ ಜೊತೆಗಾರರ ಎದುರು ಬಂದರೆ ಅವರ ನಂಬಿಕೆ ಹೋಗುತ್ತದೆ. ಕೇಳಿದವರು ಗೆಳೆಯರ ಜೊತೆ ಆಡಲು ಹೊರಟವರು, ಅವರಿಗೆ 15–17 ಎಂದರೆ 15–17 ಆಗಿರಲಿ.

ಕಳಾವರದ_ರಾಣಿ

ಟೂರ್ನಿಯಲ್ಲಿ ಗೆಲ್ಲುವುದು ಬೇರೆ, ಜೊತೆಗಾರರನ್ನು ಉಳಿಸಿಕೊಳ್ಳುವುದು ಬೇರೆ. ಗೆಳೆಯರ ಮೇಜಿಗೆ ನಿಮ್ಮ ಮಾತೇ ಸರಿ.

ಸ್ಕೋರಿಂಗ್ ಯಾವುದೆಂದು ನೋಡಿಕೊಂಡೇ ಕೂರಿ, ಅದು ಎಲ್ಲರಿಗೂ ಅನ್ವಯ. ಮ್ಯಾಚ್‌ಪಾಯಿಂಟ್‌ನಲ್ಲಿ 3 ನೋಟ್ರಂಪ್‌ಗೆ 10 ಟ್ರಿಕ್ ಬಂದರೆ 430, 4 ಹಾರ್ಟ್‌ಗೆ 10 ಬಂದರೆ 420, ಆ ಹತ್ತು ಪಾಯಿಂಟ್‌ಗೇ ಪೂರ್ತಿ ಬೋರ್ಡ್ (ಒಂದು ಸಲ ಹಂಚಿದ ಆಟ) ಹೋಗುತ್ತದೆ. ಐಎಂಪಿಯಲ್ಲಿ (ಸ್ಕೋರ್ ವ್ಯತ್ಯಾಸವನ್ನು ಸಣ್ಣ ಅಂಕಗಳಿಗೆ ಇಳಿಸುವ ಲೆಕ್ಕದಲ್ಲಿ) ಅದು ಒಂದೂ ಆಗುವುದಿಲ್ಲ ಅಂದರೂ ಸರಿ. ಅಲ್ಲಿ ವಲ್ನರಬಲ್ (ಬೋನಸ್, ದಂಡ ಎರಡೂ ಹೆಚ್ಚಿರುವ) ಗೇಮ್ ಹೇಳಿ ಗೆದ್ದರೆ 10 ಐಎಂಪಿ ಲಾಭ, ಹೇಳಿ ಒಂದು ಟ್ರಿಕ್ ಸೋತರೆ 6 ನಷ್ಟ, ಶೇಕಡಾ 38ರ ಸಾಧ್ಯತೆಗೂ ಗೇಮ್ ಹೇಳಬಹುದು. ವಲ್ನರಬಲ್ ಅಲ್ಲದಿದ್ದರೆ 6 ಲಾಭ, 5 ನಷ್ಟ, ಆಗ 45ರ ಮೇಲೆ ಬೇಕು.

ಹುಬ್ಬಳ್ಳಿ_ಸೌತ್

ಗೆಳೆಯರ ಮೇಜಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ನೋಡ್ರಿ.

ನಾಲ್ಕೂ ಮಂದಿ ಇದ್ದರ ರೋಬಾಟೇ ಬ್ಯಾಡ. ಮೇಜು ಶುರು ಮಾಡಿ ಗೆಳೆಯರ ಯೂಸರ್‌ನೇಮ್ ಹಾಕಿ ಸೀಟ್ ಕಾಯ್ದಿರಿಸ್ರಿ, ರೋಬಾಟ್ ಬಾಡಿಗಿ ಉಳೀತು. ಒಬ್ಬರು ಕಡಿಮಿ ಬಿದ್ದರ ಮೇಜು ಹಾಕಿದವರು ರೋಬಾಟ್ ಬಾಡಿಗಿಗೆ ತಗೊಂಡು ಖಾಲಿ ಸೀಟಿಗೆ ಕೂಡಿಸಬಹುದು. ಮೂವರಿದ್ದಾಗ ಒಬ್ಬರಿಗೇ ರೋಬಾಟ್ ಜೋಡಿ ಆಗಬಾರದು: 12 ಬೋರ್ಡ್ ಇಟ್ಕೊಳ್ರಿ, ನಾಲ್ಕು ನಾಲ್ಕು ಬೋರ್ಡಿಗೆ ಜೋಡಿ ಬದಲಿ ಮಾಡ್ರಿ, ಎಲ್ಲರ ಪಾಲಿಗೂ ಒಂದೊಂದು ಸಲ ಬರ್ತದ.

ಇಬ್ಬರು ಜೋಡಿ ಆಗಿ ಎರಡು ರೋಬಾಟ್ ಎದುರು ಆಡೋದಾದ್ರ ಒಂದು ತೊಡಕದ. ರೋಬಾಟ್ ನಿಮ್ಮ ಅಲರ್ಟ್ (ಬಿಡ್‌ನ ಅರ್ಥ ಬರೆದು ತಿಳಿಸೋದು) ಓದೂದಿಲ್ಲ. ನೀವು ಪ್ರಿಸಿಷನ್ ಅನ್ನೋ ಬಿಡ್ಡಿಂಗ್ ಪದ್ಧತಿ ಆಡ್ತೀರಿ, 1 ಕ್ಲಬ್ ಅಂದ್ರ 16ರ ಮ್ಯಾಲೆ ಅಂತ ಬರೆದ್ರೂ ಅದು ತನ್ನ ಟೂ-ಓವರ್-ಒನ್ ಅರ್ಥಾನೇ ಹಿಡಕೊಂಡು ಲೆಕ್ಕ ಹಾಕ್ತದ. 12–14ರ ನೋಟ್ರಂಪ್‌ಗೂ ಇದೇ ಹಣೆಬರಹ. ಹಂಗ ಗೆದ್ದ ಸ್ಕೋರ್ ನೋಡಿ ನಮ್ಮ ಸಿಸ್ಟಮ್ ಭಾರಿ ಅದ ಅಂತ ತಿಳೀಬ್ಯಾಡ್ರಿ. ಬಿಡ್ಡಿಂಗ್ ಅಷ್ಟೇ ಪಳಗಬೇಕಾದ್ರ ಬಿಡ್ಡಿಂಗ್ ಟೇಬಲ್ ಅಂತ ಬ್ಯಾರೆ ಅದ. ಎಲಿ ಹಂಚೋ ಷರತ್ತಿನ್ಯಾಗ ದಕ್ಷಿಣಕ್ಕ 15–17, ಉತ್ತರಕ್ಕ 8ರ ಮ್ಯಾಲೆ ಅಂತ ಕೊಟ್ರ ಬರೀ ನೋಟ್ರಂಪ್ ಕೈಗಳೇ ಬರ್ತಾವ, ಒಂದು ತಾಸಿನ್ಯಾಗ ಟ್ರಾನ್ಸ್‌ಫರ್ (ನಿಮ್ಮ ಸೂಟ್ ಜೋಡಿದಾರರ ಬಾಯಿಂದ ಹೇಳಿಸೋ ಬಿಡ್) ಎಲ್ಲಾ ಗಟ್ಟಿ ಆಗ್ತದ.

ನ್ಯೂಜೆರ್ಸಿಯವರಿಗೆ: ನಮ್ಮ ಸಂಜಿ 7 ಅಂದ್ರ ಅಲ್ಲಿ ಬೇಸಿಗ್ಯಾಗ ಮುಂಜಾನೆ 9:30, ಚಳಿಗಾಲದಾಗ 8:30. ಗಡಿಯಾರ ಬದಲಾಗೋ ವಾರ ಒಬ್ಬರಿಲ್ಲ ಒಬ್ಬರು ಬರೂದಿಲ್ಲ, ಮೊದಲೇ ತಿಳಿಸಿರ್ರಿ. ಹೊತ್ತು ಹೊಂದಲಿಲ್ಲ ಅಂದ್ರ ಚಾಲೆಂಜ್ ಹಾಕ್ರಿ. ಇಬ್ಬರೂ ತಮ್ಮ ತಮ್ಮ ಬಿಡುವಿನ್ಯಾಗ ಅವೇ ಕೈಗಳನ್ನ ಮೂರು ಮೂರು ರೋಬಾಟ್ ಜೋಡಿ ಆಡೋದು, ಆಮ್ಯಾಲೆ ಹೋಲಿಕಿ. ಮಾತಾಡಕೋತ ಆಡಬೇಕಂದ್ರ ರಿಯಲ್‌ಬ್ರಿಜ್ ಅನ್ನೋ ಇನ್ನೊಂದು ಸೈಟಿನ್ಯಾಗ ಮುಖಾನೂ ಕಾಣ್ತದ, ದನಿನೂ ಕೇಳ್ತದ. ಫೋನ್ ಹಚ್ಚಿಟ್ಕೊಂಡು ಬಿಬಿಒ ಆಡೋರಿಗೆ ಒಂದೇ ನಿಯಮ: ಬೋರ್ಡ್ ಮುಗಿಯೋತನಕ ಎಲಿ ಮಾತು ಇಲ್ಲ. ಅಲರ್ಟ್ ನಿಮ್ಮ ಬಿಡ್‌ಗೆ ನೀವೇ ಕೊಡಬೇಕು, ಜೋಡಿದಾರರು ಕೊಡೂದಲ್ಲ.

ಡಮ್ಮಿ_ಕೈ

ಎಲ್ಲರಿಗೂ ಧನ್ಯವಾದ. ಎರಡು ಉಳಿದಿವೆ. ಡೇಲಾಂಗ್ ಟೂರ್ನಿಯಲ್ಲಿ (ದಿನದಲ್ಲಿ ಯಾವಾಗ ಬೇಕಾದರೂ ಆಡುವಂಥದ್ದು) ಒಂದು ದಿನ ಶೇಕಡಾ 70, ಮರುದಿನ 40 ಬರುವುದು ಸಹಜವೇ? ಆಡಿದ ಮೇಲೆ ಎಲ್ಲಿ ಎಡವಿದೆ ಎಂದು ತಿಳಿಯುವುದು ಹೇಗೆ?

ನಾಲ್ಕನೇ_ಎಲೆ

ಸಹಜ. ಡೇಲಾಂಗ್‌ನಲ್ಲಿ ಎಲ್ಲರಿಗೂ ಒಂದೇ ಎಂಟು ಬೋರ್ಡ್ ಬರುವುದಿಲ್ಲ. ಪ್ರತಿ ಬೋರ್ಡ್ ಅನ್ನು ಅದನ್ನೇ ಆಡಿದ ಬೇರೆಯವರ ಜೊತೆ ಮಾತ್ರ ಹೋಲಿಸುತ್ತಾರೆ. ಎಂಟೇ ಬೋರ್ಡ್‌ನಲ್ಲಿ ಒಂದು ಸೊನ್ನೆ ಬಿದ್ದರೆ 12.5 ಶೇಕಡಾ ಹೋಯಿತು. ತಿಂಗಳ ಸರಾಸರಿ ನೋಡಿ.

ಪರಿಶೀಲನೆಗೆ ಹಿಸ್ಟರಿಯಲ್ಲಿ ಬೋರ್ಡ್ ತೆರೆದು ಜಿಬ್ ಗುಂಡಿ ಒತ್ತಿ. ಯಾವ ಎಲೆ ಹಾಕಿದ್ದರೆ ಎಷ್ಟು ಟ್ರಿಕ್ ಎಂಬ ಅಂಕಿ ಪ್ರತಿ ಎಲೆಯ ಮೇಲೂ ಬರುತ್ತದೆ, ಟ್ರಿಕ್ ಟ್ರಿಕ್‌ಗೆ ಮುಂದೆ ಸರಿಸುತ್ತಾ ಅಂಕಿ ಎಲ್ಲಿ ಇಳಿಯಿತು ಎಂದು ಹಿಡಿಯಿರಿ. ಆದರೆ ಅದು ನಾಲ್ಕೂ ಕೈ ನೋಡಿ ಹೇಳುವ ತೀರ್ಪು. ಫಿನೆಸ್ ಬಿಟ್ಟು ಒಂಟಿ ರಾಜನನ್ನು ಬೀಳಿಸಬೇಕಿತ್ತು ಎಂದು ಅದು ತೋರಿಸಿದರೆ ನೋಡಬೇಕಾದ್ದು ಸಾಧ್ಯತೆ. ನಿಮ್ಮ ಕಡೆ 11 ಎಲೆ ಇದ್ದು ಎರಡೇ ಹೊರಗಿದ್ದರೆ ಅವು ಒಂದೊಂದಾಗಿ ಹಂಚಿಹೋಗಿರುವ ಸಾಧ್ಯತೆ ಶೇಕಡಾ 52, ಬೀಳಿಸುವುದೇ ಸರಿ. 10 ಎಲೆ ಇದ್ದಾಗ ಫಿನೆಸ್ ಸರಿ, ಅಂದು ಸೋತಿದ್ದರೂ ಕೂಡ. ಆರು ಎಲೆ ಹೊರಗಿದ್ದು 3–3 ಆಗುವುದು ಬರೀ 36, 4–2 ಆಗುವುದು 48. ಐದು ಹೊರಗಿದ್ದರೆ 3–2 ಆಗುವುದು 68. ಇಷ್ಟು ಬಾಯಿಪಾಠ ಇದ್ದರೆ ಆ ಗುಂಡಿ ತೋರಿಸುವ ‘ತಪ್ಪು’ಗಳಲ್ಲಿ ನಿಜವಾದವು ಯಾವು ಎಂದು ಬೇರ್ಪಡಿಸಬಹುದು.

ಎಣಿಸಿ_ಹಾಕು

ಒಂದು ಸೇರಿಸಲಿ. ಫನ್‌ಬ್ರಿಜ್ ಎಂಬ ಇನ್ನೊಂದು ಆ್ಯಪ್‌ನಲ್ಲಿರುವ ಆರ್ಜೀನ್ ಬೇರೆಯೇ ರೋಬಾಟ್, ಅಲ್ಲಿ ಬಿಡ್ಡಿಂಗ್ ಸಿಸ್ಟಮ್ ನೀವೇ ಆರಿಸಬೇಕು. ಏಕೋಲ್ ಎಂಬ ಪದ್ಧತಿ ಅಥವಾ ಬೇರೇನಾದರೂ ಆಯ್ಕೆಯಾಗಿ ಉಳಿದಿದ್ದರೆ 1 ನೋಟ್ರಂಪ್‌ನ ವ್ಯಾಪ್ತಿಯೇ ಬೇರೆ ಆಗುತ್ತದೆ. ಮೊದಲ ಕೈ ಆಡುವ ಮುಂಚೆ ಟೂ-ಓವರ್-ಒನ್ ಇದೆಯೇ ಎಂದು ನೋಡಿಕೊಳ್ಳಿ.