ಗೆಳೆಯ ಪ್ಲಾಂಟರ್ಸ್ ಕ್ಲಬ್ಬಿಗೆ ಕರೆದಿದ್ದಾನೆ, ಹೋಗಿಬಂದವರು ಹೇಳಿ

ಕೇಳಿದವರು, ಕುಶಾಲನಗರದಿಂದ:

ನಮ್ಮೂರು ಬಾಗಲಕೋಟೆ ಕಡೆ. ವರ್ಗವಾಗಿ ಇಲ್ಲಿಗೆ ಬಂದು ಎರಡು ವರ್ಷವಾಯಿತು. ಇಲ್ಲಿ ಸಿಕ್ಕ ಒಬ್ಬ ಒಳ್ಳೆಯ ಗೆಳೆಯನಿಗೆ ಅಮ್ಮತ್ತಿ ಹತ್ತಿರ ಕಾಫಿ ತೋಟವಿದೆ. ಬರುವ ಶನಿವಾರ ಸಂಜೆ ತನ್ನ ಕ್ಲಬ್ಬಿಗೆ ಬಾ ಅಂದಿದ್ದಾನೆ. ಸದಸ್ಯರು ಮತ್ತು ಅವರು ಕರೆತಂದವರಿಗೆ ಮಾತ್ರ ಪ್ರವೇಶವಂತೆ. ನಾನು ಕುಡಿಯುವವನಲ್ಲ, ಮಾಂಸ ತಿನ್ನುವವನಲ್ಲ. ಸಂಜೆ ಹೊತ್ತು ಪಂಚೆ ಉಟ್ಟು ರೂಢಿ. ಏನು ಹಾಕಿಕೊಂಡು ಹೋಗಲಿ? ಖರ್ಚು ಯಾರದ್ದು? ನನ್ನಿಂದ ಅವನಿಗೆ ಮುಜುಗರವಾಗಬಾರದು, ಅದೇ ಚಿಂತೆ.

ವಿರಾಜಪೇಟೆಯಿಂದ ಒಬ್ಬರು:

ಕಾಲರ್ ಇರುವ ಶರ್ಟು, ಪ್ಯಾಂಟು, ಷೂ. ಇಷ್ಟಿದ್ದರೆ ಸಾಮಾನ್ಯವಾಗಿ ಎಲ್ಲೂ ತೊಂದರೆಯಿಲ್ಲ. ಚಪ್ಪಲಿ, ಬರ್ಮುಡಾ, ಕಾಲರ್ ಇಲ್ಲದ ಟೀ ಶರ್ಟು ಬೇಡ. ಪಂಚೆ ವಿಷಯ ಗೆಳೆಯರನ್ನೇ ಕೇಳಿ. 2014ರಲ್ಲಿ ಚೆನ್ನೈಯ ಒಂದು ಕ್ಲಬ್ಬಿನಲ್ಲಿ ಪಂಚೆ ಉಟ್ಟು ಬಂದ ಹೈಕೋರ್ಟ್ ನ್ಯಾಯಮೂರ್ತಿಗಳನ್ನೇ ಒಳಗೆ ಬಿಡಲಿಲ್ಲ. ಗಲಾಟೆಯಾಗಿ ಅದೇ ವರ್ಷ ತಮಿಳುನಾಡು ಸರ್ಕಾರ ಪಂಚೆಗೆ ಅಡ್ಡಿ ಮಾಡಬಾರದೆಂದು ಕಾಯ್ದೆ ತಂದಿತು. ಆದರೆ ಅದು ತಮಿಳುನಾಡಿಗೆ ಮಾತ್ರ. 1988ರಲ್ಲಿ ಚಿತ್ರಕಾರ ಎಂ.ಎಫ್. ಹುಸೇನ್ ಬರಿಗಾಲಲ್ಲಿ ಬಂದರೆಂದು ಮುಂಬೈಯ ವಿಲ್ಲಿಂಗ್ಡನ್ ಕ್ಲಬ್ ಅವರನ್ನೂ ಬಾಗಿಲಿಂದಲೇ ಕಳಿಸಿತ್ತು. ನನ್ನ ಮಟ್ಟಿಗೆ ನಮ್ಮ ನಾಡಿನ ಉಡುಪಿಗೆ ನಮ್ಮ ನಾಡಿನಲ್ಲೇ ತಡೆ ಒಡ್ಡುವುದು ತಪ್ಪು. ಆದರೆ ಆ ಜಗಳವನ್ನು ಗೆಳೆಯನ ಸಂಜೆಯ ಮೇಲೆ ಹಾಕಬೇಡಿ.

ಗೋಣಿಕೊಪ್ಪದಿಂದ ಒಬ್ಬರು:

ನನ್ನ ಅಪ್ಪ ದಕ್ಷಿಣ ಕೊಡಗಿನ ಒಂದು ತೋಟದಲ್ಲಿ ರೈಟರ್ ಆಗಿದ್ದರು. ಆಳುಗಳ ಲೆಕ್ಕ, ಸಂಬಳದ ಬಟವಾಡೆ ಎಲ್ಲ ಅವರ ಕೈಯಲ್ಲಿ. ಅವಸರಕ್ಕೆ ಯಾವುದಾದರೂ ಕಾಗದಕ್ಕೆ ಯಜಮಾನರ ಸಹಿ ಬೇಕಾದರೆ ಸಂಜೆ ಕ್ಲಬ್ಬಿಗೇ ಹೋಗಬೇಕಾಗುತ್ತಿತ್ತು. ನಾನೂ ಸೈಕಲ್ ಕ್ಯಾರಿಯರ್ ಮೇಲೆ ಕೂತು ಹೋಗುತ್ತಿದ್ದೆ. ಅಪ್ಪ ಮುಂದಿನ ಬಾಗಿಲಿಗೆ ಹೋದದ್ದನ್ನು ನಾನು ನೋಡಿಲ್ಲ. ಅಡುಗೆಮನೆ ಕಡೆಯ ಜಗಲಿಯಲ್ಲಿ ಒಂದು ಉದ್ದನೆಯ ಬೆಂಚು, ಅಲ್ಲಿ ಕಾಯುವುದು. ಬೇರರ್ ಕಾಗದ ಒಳಗೆ ಒಯ್ದು ಸಹಿ ಮಾಡಿಸಿ ತರುತ್ತಿದ್ದ. ಒಳಗಿಂದ ಬಿಲಿಯರ್ಡ್ಸ್ ಚೆಂಡು ಒಂದಕ್ಕೊಂದು ತಾಗುವ ಸದ್ದು ಕೇಳುತ್ತಿತ್ತು. ಅದು ಏನು ಸದ್ದು ಎಂದು ನನಗೆ ಬಹಳ ವರ್ಷ ಗೊತ್ತಿರಲಿಲ್ಲ.

ಹಾಗಾಗಿ ನನ್ನ ಹೈಸ್ಕೂಲು ಗೆಳೆಯ ತನಗೆ ಸದಸ್ಯತ್ವ ಸಿಕ್ಕ ಮೇಲೆ ಅದೇ ಕ್ಲಬ್ಬಿಗೆ ಕರೆದಾಗ ಎರಡು ಸಲ ನೆಪ ಹೇಳಿ ತಪ್ಪಿಸಿಕೊಂಡೆ. ಮೂರನೇ ಸಲ ಅವನು, "ಬರಲ್ಲ ಅಂದ್ರೆ ಬಿಡು, ಆದ್ರೆ ನನ್ನ ಹತ್ರ ಸುಳ್ಳು ಹೇಳಬೇಡ ಮಾರಾಯ" ಅಂದ. ಹೋದೆ.

ಬಾಗಿಲು ದಾಟಿದರೆ ಒಂದು ಮೇಜು, ಅದರ ಮೇಲೆ ದಪ್ಪ ರಟ್ಟಿನ ಪುಸ್ತಕ, ದಾರ ಕಟ್ಟಿದ ಪೆನ್ನು. ಅವನು ಮೊದಲು ನನ್ನ ಹೆಸರು ಬರೆದ, ಊರು ಬರೆದ, ಪಕ್ಕದಲ್ಲಿ ತನ್ನ ಹೆಸರು ಬರೆದು ಸಹಿ ಹಾಕಿದ. ನೀವು ತಿಳಿದುಕೊಳ್ಳಬೇಕಾದದ್ದು ಆ ಗೆರೆಯಲ್ಲೇ ಇದೆ. ಆ ಸಂಜೆ ನಾವು ಅಲ್ಲಿರುವುದು ಅವನ ಸಹಿಯ ಮೇಲೆ. ನಾವು ಜೋರಾಗಿ ಕೂಗಾಡಿದರೆ, ಫೋನ್ ಹಿಡಿದು ಕಂಡವರ ಫೋಟೋ ತೆಗೆದರೆ, ಕಮಿಟಿಯಿಂದ ಪತ್ರ ಬರುವುದು ಅವನಿಗೆ.

ದುಡ್ಡಿನ ವಿಷಯವೂ ಹಾಗೇ. ನಾನು ತಪ್ಪಿದ್ದು ಅಲ್ಲೇ. ಎರಡನೇ ಸುತ್ತು ನನ್ನದು ಎಂದುಕೊಂಡು ಕೌಂಟರಿಗೆ ಹೋಗಿ ಐನೂರರ ನೋಟು ಚಾಚಿದೆ. ಅಲ್ಲಿದ್ದವರು ನೋಟನ್ನು ಮುಟ್ಟಲಿಲ್ಲ, "ಸಾರ್, ಮೆಂಬರ್ ಸೈನ್ ಮಾಡ್ತಾರೆ" ಅಂದರು. ತರಿಸಿದ್ದಕ್ಕೆಲ್ಲ ಒಂದೊಂದು ಸಣ್ಣ ಚೀಟಿ ಬರುತ್ತದೆ, ಅಡಿಯಲ್ಲಿ ಕಾರ್ಬನ್ ಹಾಳೆ. ಸದಸ್ಯ ಸಹಿ ಹಾಕುತ್ತಾನೆ, ತಿಂಗಳ ಕೊನೆಗೆ ಬಿಲ್ಲು ಅವನ ಮನೆಗೆ ಹೋಗುತ್ತದೆ. ಹೊರಡುವಾಗ ಬೇರರ್ ಕೈಗೆ ನೂರು ರೂಪಾಯಿ ತುರುಕಲು ಹೋದೆ, ಪಾಪ, ಅವರು ಕೈ ಹಿಂದಕ್ಕೆ ಎಳೆದುಕೊಂಡರು. ಅಲ್ಲಿ ಟಿಪ್ಸ್ ತೆಗೆದುಕೊಂಡರೆ ಅವರ ಕೆಲಸಕ್ಕೇ ಕುತ್ತಂತೆ. ಕೆಲಸದವರಿಗೆಂದು ಸದಸ್ಯರೇ ವರ್ಷಕ್ಕೊಮ್ಮೆ ಹಣ ಕೂಡಿಸಿ ಕೊಡುತ್ತಾರೆ ಎಂದು ಗೆಳೆಯ ಆಮೇಲೆ ಹೇಳಿದ. ಪ್ರೀತಿಯಿಂದ ಕೊಡಲು ಹೋಗಿ ಒಬ್ಬ ಹಿರಿಯರನ್ನು ಇಕ್ಕಟ್ಟಿಗೆ ಸಿಕ್ಕಿಸಿದೆನಲ್ಲ ಎಂದು ಇವತ್ತಿಗೂ ಬೇಸರವಿದೆ. ನೀವು ಹಾಗೆ ಮಾಡಬೇಡಿ.

ಈ ಸಹಿಯ ಲೆಕ್ಕ ಎಷ್ಟು ಗಟ್ಟಿ ಎಂದರೆ, ಬೆಂಗಳೂರು ಕ್ಲಬ್ಬಿನ 1899ರ ಬಾಕಿದಾರರ ಪಟ್ಟಿಯಲ್ಲಿ ವಿನ್‌ಸ್ಟನ್ ಚರ್ಚಿಲ್ ಹೆಸರು 13 ರೂಪಾಯಿಗೆ ಇನ್ನೂ ಇದೆ. ಆದ್ದರಿಂದ ಗೆಳೆಯ ಏನು ತರಿಸುತ್ತಾನೆ ನೋಡಿಕೊಂಡು ನೀವು ಹೇಳಿ. ಕುಡಿಯುವುದಿಲ್ಲ ಎಂಬುದಕ್ಕೆ ಸಂಕೋಚವೇ ಬೇಡ. ತಾಜಾ ನಿಂಬೆಹಣ್ಣಿನ ಸೋಡಾ ಎಂದರೆ ಯಾರೂ ಎರಡನೇ ಸಲ ಕೇಳುವುದಿಲ್ಲ.

ಮಾತಿಗೆ ಏನು ಎಂದು ಹೆದರಿಕೆಯಾದರೆ ಮಳೆ ಕೇಳಿ. "ನಿಮ್ಮಲ್ಲಿ ಎಷ್ಟು ಇಂಚಾಯ್ತು?" ಎಂದರೆ ಸಾಕು. ಇಲ್ಲಿ ತೋಟದವರೆಲ್ಲ ದಿನದ ಮಳೆ ಅಳೆದು ಬರೆದಿಡುತ್ತಾರೆ, ಇಂಚು ಸೆಂಟಿನ ಲೆಕ್ಕದಲ್ಲಿ, ನೂರು ಸೆಂಟು ಅಂದರೆ ಒಂದು ಇಂಚು. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಸರಿಯಾಗಿ ಬಿದ್ದಿತೋ ಇಲ್ಲವೋ ಎಂಬುದರ ಮೇಲೆ ಅವರ ವರ್ಷ ನಿಂತಿರುತ್ತದೆ. ಕಾಳುಮೆಣಸಿನ ರೇಟು, ಆಳಿನ ಅಭಾವ, ಆನೆ ಕಾಟ, ಇವೂ ಆಗುತ್ತದೆ. ಎಷ್ಟು ಎಕರೆ ಎಂದು ಮಾತ್ರ ಯಾರನ್ನೂ ಕೇಳಬೇಡಿ. 1850ರ ದಶಕದಿಂದ ಇಲ್ಲಿ ತೋಟ ಮಾಡಿದ ಬಿಳಿಯರು ಮೈಲುಗಟ್ಟಲೆ ದೂರ ದೂರ ಒಂಟಿಯಾಗಿ ಇರುತ್ತಿದ್ದರು, ಸೇರಲಿಕ್ಕೆ ಜಾಗ ಬೇಕಿತ್ತು, ಅದಕ್ಕೇ ಈ ಕ್ಲಬ್ಬುಗಳು. ಇವತ್ತಿಗೂ ಜನ ಅಲ್ಲಿಗೆ ಬರುವುದು ಮುಖ್ಯವಾಗಿ ಮಾತಿಗೇ.

ಊಟಕ್ಕೆ ಮುಂಚೆ ಕಿಟಕಿಯಿಂದ ಆಚೆ ನೋಡಿದೆ. ಅದೇ ಜಗಲಿ. ಬೆಂಚು ಬೇರೆ, ಪ್ಲಾಸ್ಟಿಕ್ ಕುರ್ಚಿಗಳೂ ಬಂದಿವೆ. ಡ್ರೈವರುಗಳು ಕೂತಿದ್ದರು. ಗೆಳೆಯನನ್ನು ಕೇಳಿದೆ, ಇವರಿಗೆ ಊಟ? "ಹೇಳಿದ್ದೀನಿ" ಅಂದ. ನನ್ನ ಜೀವ ಹಗುರವಾಯಿತು. ನೀವು ಬಾಡಿಗೆ ಕಾರಿನಲ್ಲಿ ಹೋಗುವುದಾದರೆ ಡ್ರೈವರ್ ಊಟದ ವಿಷಯ ಮೊದಲೇ ಕೇಳಿಟ್ಟುಕೊಳ್ಳಿ. ಅಲ್ಲಿ ಹಸಿದು ಮೂರು ಗಂಟೆ ಕೂರುವುದು ಹೇಗಿರುತ್ತದೆಂದು ನನಗೆ ಗೊತ್ತು.

ಋಣ ತೀರಿಸುವುದು ಹೇಗೆ ಎಂದಿರಾ? ಮನೆಗೆ ಕರೆಯಿರಿ. ನನ್ನ ಗೆಳೆಯ ಮುಂದಿನ ಭಾನುವಾರ ಹೆಂಡತಿ ಮಕ್ಕಳ ಜೊತೆ ಬಂದು ನಮ್ಮ ಅಮ್ಮನ ಕೈಯ ಅಕ್ಕಿರೊಟ್ಟಿ ತಿಂದು ಹೋದ. ಅಮ್ಮ ಅವನಿಗೆ ಅಪ್ಪನ ಹಳೆಯ ಲೆಕ್ಕದ ಪುಸ್ತಕ ತೋರಿಸಿದರು. ನೀವಂತೂ ಬಾಗಲಕೋಟೆಯವರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಈ ಮಳೆಸೀಮೆಯ ಯಾವ ಕ್ಲಬ್ಬಿನಲ್ಲೂ ಸಿಗದ ಊಟ ನಿಮ್ಮ ಮನೆಯಲ್ಲಿದೆ.

ಮಡಿಕೇರಿಯಿಂದ ಒಬ್ಬರು:

ಅಣ್ಣ, ಮನೆಯವರನ್ನೂ ಕರೆದಿದ್ದರೆ ಖಂಡಿತ ಕರೆದುಕೊಂಡು ಹೋಗಿ. ನನ್ನ ಯಜಮಾನರು ಬ್ಯಾಂಕಿನಲ್ಲಿದ್ದಾಗ ಹೀಗೇ ಒಮ್ಮೆ ಕರೆ ಬಂದಿತ್ತು, ಇವರೊಬ್ಬರೇ ಹೋಗಿ ಬಂದರು. ಆಮೇಲೆ ಗೊತ್ತಾಯಿತು, ಅವತ್ತು ಹೌಸಿ, ಅಂದರೆ ಕೂಗಿದ ನಂಬರನ್ನು ಚೀಟಿಯಲ್ಲಿ ಹೊಡೆಯುವ ಆಟ ಇತ್ತು, ಎಲ್ಲರೂ ಸಂಸಾರ ಸಮೇತ ಬಂದಿದ್ದರು. ನಮಗೆ ಸೀರೆ, ಚೂಡಿದಾರ್ ಯಾವುದಾದರೂ ಆಗುತ್ತದೆ. ನೆರಿಗೆ ಹಿಂದೆ ಹಾಕಿ ಉಟ್ಟ ಕೊಡಗಿನ ಸೀರೆಯವರೂ ಇರುತ್ತಾರೆ, ನಿಮ್ಮವರು ಇಳಕಲ್ ಸೀರೆ ಉಟ್ಟರೆ ನಾಲ್ಕು ಜನ ಬಂದು ಸೆರಗು ಮುಟ್ಟಿ ನೋಡುತ್ತಾರೆ. ಮಕ್ಕಳನ್ನು ಬಾರ್ ಕಡೆ ಬಿಡುವುದಿಲ್ಲ, ನೆನಪಿರಲಿ.

ಸಸ್ಯಾಹಾರದ ವಿಷಯ ಗೆಳೆಯರಿಗೆ ಹಿಂದಿನ ದಿನವೇ ಹೇಳಿ. ಕೊಡಗಿನ ಊಟ ಎಂದರೆ ಪಂದಿಕರಿ, ಅಂದರೆ ಹಂದಿಮಾಂಸದ ಕರಿ, ಮಾತ್ರ ಅಲ್ಲ. ಕಡಂಬುಟ್ಟು ಬರೀ ಅಕ್ಕಿ ತರಿಯದ್ದು, ನೂಲ್‌ಪುಟ್ಟು ಕೂಡ ಅಕ್ಕಿಯದ್ದೇ. ಮಳೆಗಾಲವಾದರೆ ಕುಮ್ಮು ಅಂದರೆ ಅಣಬೆಯ ಕರಿ, ಬೈಂಬಳೆ ಅಂದರೆ ಎಳೆಬಿದಿರಿನ ಕರಿ ಸಿಕ್ಕೀತು. ಕೇಳಿ ಹಾಕಿಸಿಕೊಳ್ಳಿ.

ಸಿದ್ದಾಪುರದಿಂದ ಒಬ್ಬರು:

ಎಲ್ಲರೂ ಬಟ್ಟೆ ಊಟ ಹೇಳಿದರು, ದಾರಿ ಯಾರೂ ಹೇಳಲಿಲ್ಲ. ನೀವು ರಾತ್ರಿ ಅಮ್ಮತ್ತಿಯಿಂದ ಸಿದ್ದಾಪುರ, ನೆಲ್ಲಿಹುದಿಕೇರಿ ಮೇಲೆ ಕುಶಾಲನಗರಕ್ಕೆ ವಾಪಸ್ ಬರಬೇಕು. ಪಕ್ಕದಲ್ಲೇ ದುಬಾರೆ ಕಾಡು, ತೋಟಗಳ ಒಳಗೇ ಬೀಡುಬಿಟ್ಟ ಆನೆಗಳಿವೆ. ತಿರುವಿನಲ್ಲಿ ಕಾಫಿ ಗಿಡದ ಮರೆಯಿಂದ ಸದ್ದಿಲ್ಲದೆ ರಸ್ತೆಗೆ ಬಂದುಬಿಡುತ್ತವೆ. ನನಗೆ ಎರಡು ಸಲ ಎದುರಾಗಿವೆ. ಕಂಡರೆ ದೂರದಲ್ಲೇ ನಿಲ್ಲಿಸಿ, ಹಾರನ್ ಹೊಡೆಯಬೇಡಿ, ಇಳಿಯಬೇಡಿ, ಹಿಂದೆ ಸರಿಯಲು ಜಾಗ ಇಟ್ಟುಕೊಳ್ಳಿ. ಗೆಳೆಯರು ಇವತ್ತು ತೋಟದಲ್ಲೇ ಉಳಿ ಎಂದರೆ ಬೇಡ ಅನ್ನಬೇಡಿ. ಒಂದು ಜೊತೆ ಬಟ್ಟೆ ಕಾರಿನಲ್ಲಿ ಇರಲಿ, ಆ ಪಂಚೆಯನ್ನೂ ಇಟ್ಟುಕೊಳ್ಳಿ.